ಲೋಟದ ಜಗಳಕ್ಕೆ ನಮ್ಮ ಸಭೆ ಎರಡಾಗ್ತಾ ಇದೆ. ನಿಮ್ಮಲ್ಲಿ ಹೇಗೆ ಸಂಭಾಳಿಸ್ತೀರಿ?

ಮೂರನೇ_ಬೆಂಚು
ಎಲ್ಲರಿಗೂ ವಂದನೆ. ನಮ್ಮದು ಮಲೆನಾಡಿನ ಒಂದು ಸಣ್ಣ ಪೇಟೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿಗೆ ಸೇರಿದ ಸಭೆ, ಎಪ್ಪತ್ತು ಮನೆ ದಾಟಲ್ಲ. ಊರಿನ ಹೆಸರು ಬೇಡ, ಓದುವವರಲ್ಲಿ ನೆಂಟರಿದ್ದಾರೆ.

ಕೊರೊನಾಕ್ಕೆ ಮುಂಚೆ ಕರ್ತನ ಭೋಜನಕ್ಕೆ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋದಕ್ಕೆ, ಒಂದೇ ಪಾತ್ರೆ ಇತ್ತು. ಬೆಳ್ಳಿಯದು. ಅಂಚಿನ ಗಿಲೀಟು ಸವೆದು, ಒಂದು ಕಡೆ ಹೆಬ್ಬೆರಳಷ್ಟು ತಗ್ಗು ಬಿದ್ದಿದೆ. ಅಯ್ಯನವರು (ನಮ್ಮ ಬೋಧಕರು) ಒಬ್ಬರಿಗೆ ಕೊಟ್ಟು, ಬಿಳಿ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ತಿರುಗಿಸಿ ಪಕ್ಕದವರಿಗೆ ಕೊಡೋರು. ಸ್ಥಿರೀಕರಣ ಆಗಿ ಭೋಜನಕ್ಕೆ ಸೇರಿದ ಹೊಸದರಲ್ಲಿ ಆ ತಗ್ಗು ನನ್ನ ಪಾಲಿಗೆ ಬರತ್ತಾ ಅಂತ ಲೆಕ್ಕ ಹಾಕ್ತಾ ಮೊಣಕಾಲೂರಿದ್ದು ನೆನಪಿದೆ. ಆಮೇಲೆ ಸಣ್ಣ ಗಾಜಿನ ಲೋಟಗಳು ಬಂದವು, ತಟ್ಟೆಗೆ ನಲವತ್ತು. ರೋಗ ಹೋಯ್ತು, ಲೋಟ ಉಳೀತು.

ಹಿರಿಯರು ಪಾತ್ರೆ ವಾಪಸ್ ಬರಲಿ ಅಂತಾರೆ. ಯುವಜನರು, ಚಿಕ್ಕ ಮಕ್ಕಳ ತಾಯಂದಿರು ಲೋಟವೇ ಇರಲಿ ಅಂತಾರೆ. ಸಮಿತಿ ಮೂರು ಸಲ ಕೂತು ಮೂರು ಸಲವೂ ಕೂಗಾಡಿ ಎದ್ದಿದೆ. ಹೋದ ತಿಂಗಳು ನಮ್ಮ ದೊಡ್ಡಮ್ಮ, ಎಂಬತ್ತು ದಾಟಿದವರು, ಮುಂದೆ ಹೋಗಿ ಮೊಣಕಾಲೂರಿದರು. ರೊಟ್ಟಿ ತಗೊಂಡರು. ತಟ್ಟೆ ಬಂದಾಗ ಮಾತ್ರ ಕೈ ಜೋಡಿಸಿಕೊಂಡೇ ಇದ್ದು, ಹಾಗೇ ಎದ್ದು ಬಂದುಬಿಟ್ಟರು. ಇಡೀ ಚರ್ಚಿನಲ್ಲಿ ಲೋಟ ತಟ್ಟೆಗೆ ತಾಗುವ ಟಿಣ್ ಟಿಣ್ ಒಂದೇ ಸದ್ದು.

ಈಗ ಹೊಸ ಪ್ರಸ್ತಾಪ: ಎಂಟು ಗಂಟೆಯ ಆರಾಧನೆಗೆ ಪಾತ್ರೆ, ಹತ್ತು ಗಂಟೆಯದಕ್ಕೆ ಲೋಟ. ಅಂದ್ರೆ ಒಂದೇ ಮನೆಯ ಅಪ್ಪ ಎಂಟಕ್ಕೆ, ಮಗ ಹತ್ತಕ್ಕೆ. ಎರಡು ವರ್ಷದಲ್ಲಿ ಎರಡು ಸಭೆ ಆಗೋದು ಗ್ಯಾರಂಟಿ. ಇಷ್ಟು ಸಣ್ಣ ವಿಷಯಕ್ಕೆ ಹೀಗಾಗಬಾರದು ಅಂತ ಹೇಳಿದರೆ ಎರಡೂ ಕಡೆಯವರು ನನ್ನ ಮೇಲೇ ಬರ್ತಾರೆ. ಯಾರಾದರೂ ಇಂಥದ್ದು ದಾಟಿದ್ದೀರಾ?

ಕರಾವಳಿ_ಕೊಡೆ
ಮಾರಾಯ್ರೆ, ಲೋಟ ಅಂದ್ರೆ ಏನೂ ಅಲ್ಲ. ನಮ್ಮಲ್ಲಿ ಫ್ಯಾನಿಗೆ ಜಗಳ ಆಗಿದೆ. ಗಾಯನವೃಂದದ ಮೇಲಿನ ಫ್ಯಾನ್ ಹಾಕಿದ್ರೆ ಅಜ್ಜಂದಿರಿಗೆ ಶೀತ, ಆಫ್ ಮಾಡಿದ್ರೆ ಸೊಪ್ರಾನೋದವರಿಗೆ ಸೆಕೆ. ಸ್ವಿಚ್ಚಿಗೆ ಟೇಪ್ ಅಂಟಿಸಿದ್ದರು, ಟೇಪ್ ಕಿತ್ತವರು ಯಾರು ಅಂತ ಮತ್ತೊಂದು ಸಮಿತಿ.

ಹಳೇ_ಹಾರ್ಮೋನಿಯಂ
ಮೂಲ ಪೋಸ್ಟಿನವರಿಗೆ: "ಮುಖ್ಯವಾದದ್ದರಲ್ಲಿ ಐಕ್ಯತೆ, ಅಮುಖ್ಯವಾದದ್ದರಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲೂ ಪ್ರೀತಿ" ಅಂತ ಸಂತ ಅಗಸ್ಟೀನ್ ಆಗಲೇ ಹೇಳಿದ್ದಾರೆ. ಸಮಿತಿ ಕೋಣೆಯ ಗೋಡೆಗೆ ಬರೆಸಿ ಹಾಕಿ, ಸಾಕು.

ಅಡಿಟಿಪ್ಪಣಿ
ಅಗಸ್ಟೀನ್ ಅಲ್ಲ ಸರ್. ಎಲ್ಲರೂ ಅವರ ತಲೆಗೇ ಕಟ್ತಾರೆ. ಅದು 17ನೇ ಶತಮಾನದ ಮಾತು. ರೂಪರ್ಟಸ್ ಮೆಲ್ಡೇನಿಯಸ್ ಅನ್ನೋ ಗುಪ್ತನಾಮದಲ್ಲಿ ಒಬ್ಬ ಜರ್ಮನ್ ಲೂಥರನ್ ದೇವಪಂಡಿತ ಬರೆದದ್ದು, 1620ರ ದಶಕದಲ್ಲಿ. ಆಗ ಅಲ್ಲಿ ಮೂವತ್ತು ವರ್ಷದ ಯುದ್ಧ ನಡೀತಿತ್ತು, 1618ರಿಂದ 1648. ಸುತ್ತ ಊರುಗಳು ಉರೀತಿದ್ದಾಗ ಸ್ವಂತ ಹೆಸರು ಹಾಕದೆ ಬರೆದ ಮಾತದು.

ಹಳೇ_ಹಾರ್ಮೋನಿಯಂ
ಹೌದಾ! ಇಪ್ಪತ್ತು ವರ್ಷದಿಂದ ಅಗಸ್ಟೀನ್ ಅಂತ ಪ್ರಸಂಗದಲ್ಲಿ ಕೇಳ್ತಾ ಇದ್ದೀನಿ. ಇರಲಿ, ಮಾತು ಸರಿಯೇ ಇದೆಯಲ್ಲ.

ವಾಕ್ಯವೇ_ಆಧಾರ
ಮಾತು ಸರಿಯಿಲ್ಲ, ಅದೇ ತೊಂದರೆ. "ಅಮುಖ್ಯ" ಅಂತ ಪಟ್ಟಿ ಮಾಡೋಕೆ ನಾವ್ಯಾರು? ಕರ್ತನು ಪಾತ್ರೆ ತೆಗೆದುಕೊಂಡನು ಅಂತಿದೆ, ಪಾತ್ರೆಗಳು ಅಂತಿಲ್ಲ. ಇವತ್ತು ಲೋಟ, ನಾಳೆ ಸ್ತ್ರೀಯರ ಮುಸುಕು ಬೇಡ, ನಾಡಿದ್ದು ಡ್ರಮ್ಸು, ಆಮೇಲೆ ಶಿಶುಗಳಿಗೆ ಮೂರು ಹನಿ ನೀರು ಚಿಮುಕಿಸಿ ದೀಕ್ಷಾಸ್ನಾನ ಅನ್ನೋದು. ಒಂದೊಂದೇ ಸಣ್ಣದು ಅಂತ ಬಿಟ್ಟರೆ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ.

ಕರಾವಳಿ_ಕೊಡೆ
ಬ್ರದರ್, ಆ ಊಟ ಮೇಲಂತಸ್ತಿನ ಕೋಣೆಯಲ್ಲಿ ಅಂತಲೂ ಇದೆ. ನಮ್ಮ ಚರ್ಚು ನೆಲದ ಮೇಲೇ ಇದೆ, ಏನ್ ಮಾಡುದು?

ಬೀದರ್_ಕಡೆಯವ
😂 ಕೊಡೆಯವ್ರು ಭಾರಿ ಹೊಡದ್ರಿ.

ನಮ್ಮದು ಮೆಥೊಡಿಸ್ಟ್ ಸಭಾ. ನಮ್ಮಲ್ಲಿ ದ್ರಾಕ್ಷಾರಸದ ಕತಿ ಬ್ಯಾರೇ ಐತ್ರಿ. ಅಮೆರಿಕಾದಾಗ ಥಾಮಸ್ ವೆಲ್ಚ್ ಅಂತ ಒಬ್ಬ ದಂತವೈದ್ಯ, ಮೆಥೊಡಿಸ್ಟ್ ಮನಶಾ, 1869ರಾಗ ದ್ರಾಕ್ಷಿ ರಸಾ ಹುಳಿ ಬರಧಂಗ ಕಾಯಿಸಿ ಬಾಟ್ಲಿ ತುಂಬಿದ. ಭೋಜನದಾಗ ಹೆಂಡ ಇರಬಾರ್ದಂತ. ಮುಂದ ಅದು ದೊಡ್ಡ ಕಂಪನಿ ಆತು, ಆ ಮಾತು ಬ್ಯಾರೆ. ಸಣ್ಣ ಲೋಟಾನೂ ಅಲ್ಲಿಂದನ ಬಂದದ್ದು, 1890ರ ಸುಮಾರಿಗೆ, ಕ್ಷಯದ ಹೆದರಿಕಿಗೆ. ಆಗಲೂ ಹಿಂಗ ಹೊಡದಾಡ್ಯಾರ. ಒಂದೂಕಾಲು ನೂರು ವರ್ಷದ ಹಳೇ ಜಗಳಾ ನಿಮ್ಮೂರಿಗಿ ಈಗ ಮುಟ್ಯದ, ಅಷ್ಟ.

ಅಡಿಟಿಪ್ಪಣಿ
ಇನ್ನೂ ಹಿಂದೆ ಹೋಗೋಣ. 1415ರಲ್ಲಿ ಕಾನ್‌ಸ್ಟೆನ್ಸ್ ಮಹಾಸಭೆ ಜನಸಾಮಾನ್ಯರಿಗೆ ಪಾತ್ರೆಯೇ ಬೇಡ, ರೊಟ್ಟಿ ಸಾಕು ಅಂತ ತೀರ್ಮಾನಿಸಿತು. ಅದೇ ವರ್ಷ ಅದೇ ಊರಲ್ಲಿ ಯಾನ್ ಹುಸ್ ಅನ್ನೋ ಬೊಹೆಮಿಯಾದ (ಈಗಿನ ಚೆಕ್ ನಾಡು) ಸುಧಾರಕ ಬೋಧಕನನ್ನ ಜೀವಂತ ಸುಟ್ಟರು. ಅವನ ಕಡೆಯ ಬೊಹೆಮಿಯಾದವರು ಬಾವುಟದ ಮೇಲೆ ಪಾತ್ರೆಯ ಚಿತ್ರ ಬರೆದುಕೊಂಡು 1434ರ ತನಕ ಯುದ್ಧ ಮಾಡಿದರು. ಪಾತ್ರೆ ನಮಗೂ ಸಿಗಲಿ ಅಂತ ಜೀವ ಕೊಟ್ಟವರು ಅವರು. ನಾವು ಅದರ ಗಾತ್ರಕ್ಕೆ ಕಚ್ಚಾಡ್ತಿದ್ದೀವಿ.

ಬೇಸಾಯ_ಬೈಬಲ್
ಇದನ್ನ ಓದಿದ್ರೆ ಹುಸ್‌ನ ಕಡೆಯವರಿಗೂ ಅದು ಸಣ್ಣ ವಿಷಯ ಆಗಿರಲಿಲ್ಲ ಅಂತ ಆಗತ್ತಲ್ವಾ? ಹಾಗಾದ್ರೆ ಯಾವುದು ಸಣ್ಣದು?

ಮೂರನೇ_ಬೆಂಚು
ಅದೇ ನನ್ನ ಪ್ರಶ್ನೆ ಕೂಡ. ನಾನು ಸಣ್ಣದು ಅಂದಿದ್ದಕ್ಕೇ ದೊಡ್ಡಮ್ಮ ಎರಡು ವಾರ ಮಾತು ಬಿಟ್ಟಿದ್ದರು.

ಮೈಸೂರ್_ಮಾಸ್ಟ್ರು
ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಒಂದ್ಸಲ ನಿಧಾನಕ್ಕೆ ಓದಿ ಕಣ್ರೀ. ಒಬ್ಬ ಎಲ್ಲ ತಿಂತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಪೌಲ ಯಾರದು ಸರಿ ಅಂತ ಕಟ್ಟೆ ಪಂಚಾಯ್ತಿ ಮಾಡಲ್ಲ. ತಿನ್ನೋನು ತಿನ್ನದವನನ್ನ ಹೀಯಾಳಿಸಬೇಡ, ತಿನ್ನದವನು ತಿನ್ನೋನಿಗೆ ತೀರ್ಪು ಕೊಡಬೇಡ ಅಂತಾನೆ. ಇನ್ನೊಂದು ಗಮನಿಸಿ. ಬಿಟ್ಟುಕೊಡು ಅಂತ ಹೇಳೋದು ನಂಬಿಕೆಯಲ್ಲಿ ಗಟ್ಟಿಯಾಗಿರೋನಿಗೆ, ಬಲಹೀನನಿಗಲ್ಲ. ನಮ್ಮ ಸಮಿತಿಗಳಲ್ಲಿ ಉಲ್ಟಾ. ಯಾರು ಮೆತ್ತಗಿದ್ದಾರೋ ಅವರೇ ಪ್ರತಿ ಸಲ ಬಿಟ್ಟುಕೊಡಬೇಕು, ಅದಕ್ಕೆ "ಐಕ್ಯತೆ" ಅಂತ ಹೆಸರು.

ತಟ್ಟೆ_ಲೋಟ
ಮಾಸ್ಟ್ರ ಕೊನೆಯ ಸಾಲಿಗೆ ನೂರು ನಮಸ್ಕಾರ. ನಾನು ಹುಟ್ಟಿ ಬೆಳೆದ ಸಭೆಯಲ್ಲಿ ನಮ್ಮ ಕೇರಿಯವರು ಹಿಂದಿನ ಬೆಂಚಿನಲ್ಲಿ ಕೂರೋದು "ವಾಡಿಕೆ". ಸ್ಮಶಾನದಲ್ಲೂ ನಮ್ಮದೊಂದು ಮೂಲೆ. ನಮ್ಮಪ್ಪ ಕೇಳಿದಾಗ ಹಿರಿಯರು ಹೇಳಿದ್ದು ಇದೇ ಮಾತು: ಇಷ್ಟು ಸಣ್ಣ ವಿಷಯಕ್ಕೆ ಸಭೆಯ ಸಮಾಧಾನ ಕೆಡಿಸಬೇಡಪ್ಪಾ. ಸಣ್ಣ ವಿಷಯಕ್ಕೆ ಜಗಳ ಬೇಡ ಅನ್ನೋರನ್ನ ಕಂಡರೆ ಅವತ್ತಿಂದ ನನಗೆ ಸ್ವಲ್ಪ ಹುಷಾರು.

ಕರಾವಳಿ_ಕೊಡೆ
ಇದಕ್ಕೆ ತಮಾಷೆ ಮಾಡ್ಲಿಕ್ಕಿಲ್ಲ. ಒಪ್ಪಿದೆ.

ವಾಕ್ಯವೇ_ಆಧಾರ
ಜಾತಿ ವಿಷಯ ಬೇರೆ, ಅದು ಪಾಪ. ಅದನ್ನ ಇಲ್ಲಿಗೆ ಎಳೀಬೇಡಿ.

ತಟ್ಟೆ_ಲೋಟ
ನಾನು ಎಳೀತಿಲ್ಲ ಬ್ರದರ್. ಬೇರೆಯವರ ಬಾಯಿ ತಾಗಿದ ಪಾತ್ರೆ ಬೇಡ ಅನ್ನೋದು ಕೊರೊನಾದಿಂದಲೇ ಶುರು ಆಯ್ತು ಅಂತೀರಾ? ಕೆಲವು ಕಡೆ ಕೊರೊನಾ ಒಳ್ಳೆ ನೆಪ ಆಯ್ತು. ಮೂಲ ಪೋಸ್ಟಿನವರ ಸಭೆ ಹಾಗೆ ಅಂತ ಹೇಳ್ತಿಲ್ಲ. ವಿಚಾರಿಸಿ ನೋಡಿ ಅಂತಿದ್ದೀನಿ.

ಮೈಸೂರ್_ಮಾಸ್ಟ್ರು
ಇವರು ಹೇಳಿದ ಮೇಲೆ ನನ್ನ ಮಾತಿಗೆ ಇನ್ನೊಂದು ಸೇರಿಸಬೇಕು. ಕಾಯಿಪಲ್ಯಕ್ಕೆ ಜಗಳ ಬೇಡ ಅಂತ ಬರೆದ ಇದೇ ಪೌಲ ಅಂತಿಯೋಕ್ಯದಲ್ಲಿ ಪೇತ್ರನಿಗೆ ಎಲ್ಲರ ಎದುರೇ ಮುಖಕ್ಕೆ ಹೇಳಿದ್ದಾನೆ. ಗಲಾತ್ಯದವರಿಗೆ ಬರೆದ ಪತ್ರ, 2ನೇ ಅಧ್ಯಾಯ. ಪೇತ್ರ ಅನ್ಯಜನರ, ಅಂದ್ರೆ ಯೆಹೂದ್ಯರಲ್ಲದವರ, ಜೊತೆ ಕೂತು ಉಣ್ತಿದ್ದ. ಯೆರೂಸಲೇಮಿನ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೆ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಅವನನ್ನ ನೋಡಿ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಎರಡೂ ಊಟದ ಜಗಳವೇ. ಆದರೆ ಏನು ಉಣ್ತೀಯ ಅನ್ನೋದನ್ನ ಪೌಲ ಸಣ್ಣದು ಮಾಡಿದ, ಯಾರ ಜೊತೆ ಉಣ್ಣಲ್ಲ ಅನ್ನೋದನ್ನ ಮಾಡಲಿಲ್ಲ.

ಬೇಸಾಯ_ಬೈಬಲ್
ಮಾಸ್ಟ್ರೇ, ನಾಲ್ಕು ವರ್ಷ ಸಂಡೇ ಸ್ಕೂಲ್ ಪಾಠ ಮಾಡಿದ್ದೀನಿ, ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆ ಲೆಕ್ಕದಲ್ಲಿ ಪಾತ್ರೆನೋ ಲೋಟನೋ ಅನ್ನೋದು ಸಣ್ಣದು, ಎಂಟು ಗಂಟೆ ಹತ್ತು ಗಂಟೆ ಅಂತ ಪಂಕ್ತಿ ಬೇರೆ ಮಾಡೋದೇ ದೊಡ್ಡದು. ಸಮಿತಿ ಪರಿಹಾರ ಅಂದುಕೊಂಡಿರೋದೇ ಕಾಯಿಲೆ.

ವಾಕ್ಯವೇ_ಆಧಾರ
ಹಾಗಾದರೆ ಸತ್ಯಕ್ಕಾಗಿ ಯಾರೂ ಬೇರೆ ಆಗಲೇಬಾರದಾ? ಪೌಲ ಬಾರ್ನಬರೇ ಮಾರ್ಕನ ವಿಷಯಕ್ಕೆ ಜಗಳ ಆಡಿ ಬೇರೆ ಬೇರೆ ದಾರಿ ಹಿಡಿದರು. ಕೃತ್ಯಗಳು 15.

ಮೈಸೂರ್_ಮಾಸ್ಟ್ರು
ಹಿಡಿದರು. ಕೊನೆಗಾಲದಲ್ಲಿ ತಿಮೊಥೆಯನಿಗೆ ಬರೆಯುವಾಗ ಅದೇ ಮಾರ್ಕನನ್ನ ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತಾನೆ. ಅಷ್ಟು ದೂರ ಓದಬೇಕು.

ಮೋಂತಿ_ಮನೆ
ಕಥೋಲಿಕರ ಕಡೆಯಿಂದ ಒಂದು ಮಾತು. ನಿಮ್ಮಲ್ಲಿ ಪಾತ್ರೆ, ನಮ್ಮಲ್ಲಿ ಪರಮಪ್ರಸಾದ ಕೈಗೋ ನಾಲಿಗೆಗೋ ಅಂತ. ಕೊರೊನಾ ಟೈಮಲ್ಲಿ ಕೈಗೆ ಮಾತ್ರ ಅಂದ್ರು, ನಮ್ಮ ವಠಾರದ ಒಬ್ಬ ಹಿರಿಯರು ಆರು ತಿಂಗಳು ಮುಂದೆ ಹೋಗಲೇ ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ, 1962ರಿಂದ 65, ಅದರ ನಂತರ ಲ್ಯಾಟಿನ್ ಹೋಗಿ ನಮ್ಮ ಭಾಷೆಗಳು ಬಂದವು. ಪೂಜೆ ಅರ್ಥ ಆದ ಕೂಡಲೆ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಅಂತ ಜಗಳ ಶುರು. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥ ಆಗ್ತಿರಲಿಲ್ಲ, ಎಲ್ಲರೂ ಒಂದಾಗಿದ್ದೆವು ಅಂತ ನಮ್ಮಜ್ಜಿ ನಗೋರು.

ಕೋಲಾರದ_ಕಾಫಿ
ಭಾಷೆ ವಿಷಯ ಎತ್ತಬೇಡಿ, ಇನ್ನೂರು ಕಾಮೆಂಟ್ ಆಗತ್ತೆ.

ಹಳೇ_ಹಾರ್ಮೋನಿಯಂ
ಭಾಷೆ ಅಂದಾಗ ನೆನಪಾಯ್ತು. ನಮ್ಮಲ್ಲಿ ಹೊಸ ಅನುವಾದದ ಬೈಬಲ್ ತಂದಾಗ ಆದ ಗಲಾಟೆ! 23ನೇ ಕೀರ್ತನೆ "ಯೆಹೋವನು ನನಗೆ ಕುರುಬನು" ಅಂತ ಬಾಯಿಗೆ ಬಂದವರಿಗೆ ಬೇರೆ ಥರ ಓದಿದ್ರೆ ಕೀರ್ತನೆ ಅಂತಲೇ ಅನಿಸಲ್ಲ. ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಹಳೇದನ್ನೇ ಹೇಳಿ ಕೂತರು. ಓದುತ್ತಿದ್ದ ಹುಡುಗಿ ಪಾಪ ಅತ್ತೇಬಿಟ್ಟಳು.

ಅಡಿಟಿಪ್ಪಣಿ
ಪೂರ್ತಿ ಒಪ್ಪದೆಯೂ ಒಟ್ಟಿಗಿರಬಹುದು ಅನ್ನೋದಕ್ಕೆ ನನಗೆ ಇಷ್ಟದ ಕತೆ ಒಂದಿದೆ. ಸುಮಾರು 155ರಲ್ಲಿ ಏಷ್ಯಾ ಸೀಮೆಯ (ಈಗಿನ ಟರ್ಕಿ) ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಮುಪ್ಪಿನಲ್ಲಿ ರೋಮಿಗೆ ಪ್ರಯಾಣ ಮಾಡಿದ. ಪಸ್ಕ (ಈಸ್ಟರ್) ಯಾವ ದಿನ ಆಚರಿಸಬೇಕು ಅನ್ನೋದು ಜಗಳ. ಏಷ್ಯಾದವರು ಯೆಹೂದ್ಯರ ನಿಸಾನ್ ತಿಂಗಳಿನ 14ನೇ ದಿನಕ್ಕೆ, ಅದು ಯಾವ ವಾರವೇ ಬರಲಿ, ರೋಮಿನವರು ಭಾನುವಾರಕ್ಕೇ. ಅಲ್ಲಿನ ಬಿಷಪ್ ಅನಿಸೇಟಸ್ ಮತ್ತು ಪಾಲಿಕಾರ್ಪ್ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸೋಕೆ ಆಗಲಿಲ್ಲ. ಆಮೇಲೆ ಅನಿಸೇಟಸ್ ಏನು ಮಾಡಿದ ಗೊತ್ತಾ? ತನ್ನ ಸ್ವಂತ ಸಭೆಯಲ್ಲಿ ಕರ್ತನ ಭೋಜನವನ್ನ ನೀನೇ ನಡೆಸು ಅಂತ ಪಾಲಿಕಾರ್ಪ್‌ಗೆ ಬಿಟ್ಟುಕೊಟ್ಟ. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು, ದಿನ ಮಾತ್ರ ಬೇರೆ ಬೇರೆಯೇ ಉಳೀತು.

ಮೂವತ್ತೈದು ವರ್ಷದ ನಂತರ ರೋಮಿನಲ್ಲಿ ವಿಕ್ಟರ್ ಬಿಷಪ್ ಆದ. ಏಷ್ಯಾದ ಸಭೆಗಳನ್ನ ಹೊರಗೆ ಹಾಕ್ತೀನಿ ಅಂತ ಹೊರಟ. ಆಗ ಇರೆನೇಯಸ್ ಅನ್ನೋ ಇನ್ನೊಬ್ಬ ಬಿಷಪ್ ಪತ್ರ ಬರೆದು ಇದೇ ಹಳೇ ಕತೆ ನೆನಪಿಸಿ ಹಾಗೆ ಮಾಡಬೇಡ ಅಂದ.

ಬೀದರ್_ಕಡೆಯವ
ಅಂದ್ರ ವಾದದಾಗ ಸೋಲಲಿಲ್ಲ, ಜಾಗಾ ಬಿಟ್ಟುಕೊಟ್ಟ. ಇದು ಚಲೋ ಐತಿ ನೋಡ್ರಿ.

ಕೋಲಾರದ_ಕಾಫಿ
ಸಿಎಸ್‌ಐ ಹುಟ್ಟಿದ್ದೇ ಹೀಗಲ್ವಾ? 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರು, 1947 ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಸೇರಿದ್ದು. ಇಪ್ಪತ್ತೆಂಟು ವರ್ಷ! ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದೆ ಆಗಲ್ಲ, ಪ್ರತಿ ಸಭೆಯೂ ಸ್ವತಂತ್ರ ಅನ್ನೋ ಕಾಂಗ್ರಿಗೇಷನಲ್‌ನವರಿಗೆ ಬಿಷಪ್ ಅಂದ್ರೇ ಅಲರ್ಜಿ. ಕೊನೆಗೆ ಆಗಲೇ ದೀಕ್ಷೆ ಪಡೆದ ಎಲ್ಲ ಸಭೆಗಳ ಬೋಧಕರನ್ನೂ ಹಾಗೇ ಒಪ್ಪೋಣ, ಮುಂದಿನ ದೀಕ್ಷೆ ಬಿಷಪ್ಪರಿಂದ ಆಗಲಿ, ಮೂವತ್ತು ವರ್ಷ ಜೊತೆಗೆ ಬದುಕಿ ಆಮೇಲೆ ನೋಡೋಣ ಅಂದ್ರು. ಮನಸ್ಸಾಕ್ಷಿ ಒಪ್ಪದ ಬೋಧಕರನ್ನ ಯಾವ ಸಭೆಯ ಮೇಲೂ ಹೇರಲ್ಲ ಅಂತ ಮಾತೂ ಕೊಟ್ಟರು. ಎಲ್ಲ ಮೊದಲೇ ಇತ್ಯರ್ಥ ಆಗಲಿ ಅಂತ ಕೂತಿದ್ದರೆ ಇವತ್ತಿಗೂ ತರಂಗಂಬಾಡಿಯಲ್ಲೇ ಇರ್ತಿದ್ರು.

ಬೇಸಾಯ_ಬೈಬಲ್
ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹಳ ಮಂದಿ ಅವತ್ತು ಸೇರಲಿಲ್ಲ, ನೆನಪಿರಲಿ. ಎಷ್ಟೋ ವರ್ಷದ ಮೇಲೆ ಒಳಗೆ ಬಂದರು. ಮಜಾ ಅಂದ್ರೆ 2013ರಲ್ಲಿ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆಗಿದ್ದು ಅದೇ ನಂದ್ಯಾಲಕ್ಕೆ, ಪುಷ್ಪ ಲಲಿತಾ ಅಮ್ಮನವರು.

ವಾಕ್ಯವೇ_ಆಧಾರ
ಸಿಎಸ್‌ಐಗೆ ಸೇರಿದವರೆಲ್ಲ ಶಿಶು ದೀಕ್ಷಾಸ್ನಾನದವರೇ. ನಂಬಿದ ದೊಡ್ಡವರಿಗೆ ಮಾತ್ರ ಕೊಡೋ ನಮ್ಮಂಥವರ ಜೊತೆ ಸೇರಿ ತೋರಿಸಲಿ ನೋಡೋಣ.

ಕೋಲಾರದ_ಕಾಫಿ
ಸೇರಿದ್ದಾರೆ ಬ್ರದರ್. 1970 ನವೆಂಬರ್ 29, ನಾಗಪುರ, ಸಿಎನ್‌ಐ (ಉತ್ತರ ಭಾರತ ಸಭೆ). ಅದರಲ್ಲಿ ಬ್ಯಾಪ್ಟಿಸ್ಟರೂ ಇದ್ದಾರೆ, ಬ್ರದರನ್‌ನವರೂ ಇದ್ದಾರೆ. ದೀಕ್ಷಾಸ್ನಾನ ಮಗುವಿಗೂ ಕೊಡಬಹುದು, ದೊಡ್ಡವನಾದ ಮೇಲೂ ಕೊಡಬಹುದು, ಎರಡನ್ನೂ ಒಪ್ಪಿಕೊಂಡ ಸಭೆ ಅದು.

ವಾಕ್ಯವೇ_ಆಧಾರ
ಮಗುವಾಗಿದ್ದಾಗ ಆದವನು ಬೆಳೆದು ಇನ್ನೊಮ್ಮೆ ಕೊಡಿ ಅಂತ ಬಂದರೆ?

ಕೋಲಾರದ_ಕಾಫಿ
ಅದು ಕಷ್ಟವೇ, ಒಪ್ಪಿದೆ.

ಕಿಟಕಿ_ಪಕ್ಕ
ಇಷ್ಟು ಹೊತ್ತು ಓದ್ತಾ ಇದ್ದೆ. ಹುಸ್ ಆಯ್ತು, ವಿಕ್ಟರ್ ಆಯ್ತು, ನಾಗಪುರ ಆಯ್ತು. ಒಂದು ಸಾದಾ ಪ್ರಶ್ನೆ ಕೇಳಲಾ? ಆ ಲೋಟಗಳನ್ನ ತೊಳೆಯೋದು ಯಾರು?

ನಮ್ಮ ಸಭೆಯಲ್ಲಿ ಸ್ತ್ರೀ ಸಂಘದ ನಾಲ್ಕು ಜನ ತೊಳೀತೀವಿ. ನೂರೈವತ್ತು ಲೋಟ. ಒಂದು ಬೆರಳು ಒಳಗೆ ಹೋಗಲ್ಲ. ತಳದಲ್ಲಿ ರಸದ ಉಂಗುರ ಹಾಗೇ ಕೂತಿರತ್ತೆ, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಬೇಕು. ಆಮೇಲೆ ಬಟ್ಟೆ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ಎಣಿಸಿ ಪೆಟ್ಟಿಗೆಗೆ. ಅಷ್ಟೊತ್ತಿಗೆ ಆಚೆ ಚಹಾ ಖಾಲಿ, ಮನೆಗೆ ಹೋದರೆ ಅಡುಗೆ ಆಗಿಲ್ಲ ಅಂತ ಮುಖ. ಲೋಟ ಬೇಕು ಅಂತ ಮತ ಹಾಕಿದ ಸಮಿತಿಯಲ್ಲಿ ಹನ್ನೊಂದು ಗಂಡಸರು, ಒಬ್ಬರು ಮಹಿಳೆ. ನಮ್ಮನ್ನ ಯಾರೂ ಕೇಳಲಿಲ್ಲ. ಕೇಳಿದ್ದರೆ ಲೋಟ ಇರಲಿ ಅಂತಲೇ ಹೇಳ್ತಿದ್ದೆ, ನಮ್ಮತ್ತೆಗೆ ಉಬ್ಬಸ ಇದೆ. ಆದರೆ ಕೇಳಬೇಕಿತ್ತು.

ಮೈಸೂರ್_ಮಾಸ್ಟ್ರು
ಇದಕ್ಕೆ ಏನು ಹೇಳೋದು ತಾಯಿ.

ಕರಾವಳಿ_ಕೊಡೆ
ಗೊತ್ತಿತ್ತು ಮಾರಾಯ್ರೆ, ಎಲ್ಲ ಜಗಳದ ಹಿಂದೆ ಒಂದು ಸಿಂಕ್ ಇರ್ತದೆ. ನಮ್ಮ ಬೆಳೆಹಬ್ಬದಲ್ಲೂ ಹಾಗೇ. ಏಲಂನಲ್ಲಿ ಒಂದು ಹಲಸಿನ ಹಣ್ಣಿಗೆ ಎರಡು ಮನೆಯವರು ಜಿದ್ದಿಗೆ ಬಿದ್ದು ನಾಲ್ಕು ಸಾವಿರ ತನಕ ಏರಿಸಿದ್ರು. ಗೆದ್ದವರು ಅಲ್ಲೇ ಕೊಯ್ದು ಎಲ್ಲರಿಗೂ ಹಂಚಿದ್ರು, ಭಾರೀ ಐಕ್ಯತೆ. ಮೇಣ ತಿಕ್ಕಿದ್ದು ಯಾರು? ನನ್ನ ಹೆಂಡತಿ.

ಬೀದರ್_ಕಡೆಯವ
ನಾಕ ಸಾವಿರಕ್ಕ ಹಲಸಿನ ಹಣ್ಣ?! ನಮ್ಮ ಕಡಿ ಒಂದು ಹೋತ ಬರ್ತದ್ರಿ.

ಮೂರನೇ_ಬೆಂಚು
ಕಿಟಕಿ_ಪಕ್ಕ ಅವರೇ, ನಿಮ್ಮದನ್ನ ಓದಿ ಫೋನ್ ಇಟ್ಟು ದೊಡ್ಡಮ್ಮನ ಮನೆಗೆ ಹೋಗಿ ಬಂದೆ. ಮೂರು ಸಲ ಸಮಿತಿ ಕೂತರೂ ಅವರನ್ನ ಯಾರೂ ನೇರ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರು ಹೇಳಿದ್ದು ಇಷ್ಟು. ಆ ಪಾತ್ರೆಯ ತಗ್ಗು ಬಿದ್ದದ್ದು ದೊಡ್ಡಪ್ಪನ ಕೈಯಿಂದ. ಆಗ ಅವರು ಚರ್ಚಿನ ವಸ್ತುಗಳ ಉಸ್ತುವಾರಿ ನೋಡ್ತಿದ್ದರು, ತೊಳೆಯುವಾಗ ಕಲ್ಲಿನ ಮೇಲೆ ಜಾರಿತು. ರಿಪೇರಿಗೆ ಕೊಡ್ತೀನಿ ಅಂದರೆ ಅವತ್ತಿನ ಅಯ್ಯನವರು ಬೇಡ, ಹಾಗೇ ಇರಲಿ ಅಂದರಂತೆ. ದೊಡ್ಡಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷ. ದೊಡ್ಡಮ್ಮನಿಗೆ ದೇವಶಾಸ್ತ್ರದ ತಕರಾರು ಏನೂ ಇಲ್ಲ. ಪಾತ್ರೆಯನ್ನ ಬೀರುವಿಗೆ ಹಾಕಿ ಬೀಗ ಹಾಕುವಾಗ ಒಂದು ಮಾತು ಹೇಳಲಿಲ್ಲ ಅನ್ನೋದು ಸಂಕಟ. ಲೋಟದಲ್ಲಿ ಕುಡಿಯೋಕೆ ಅಡ್ಡಿಯಿಲ್ಲ, ಪಾತ್ರೆ ಮೇಜಿನ ಮೇಲೆ ಇರಲಿ, ಅಯ್ಯನವರು ಅದನ್ನ ಎತ್ತಿ ಸ್ತೋತ್ರ ಮಾಡಿ ಅದರಿಂದಲೇ ಲೋಟಕ್ಕೆ ಹುಯ್ಯಲಿ ಅಂದರು.

ಅಯ್ಯನವರಿಗೆ ಫೋನ್ ಮಾಡಿದೆ. ಆಗಬಹುದು ಅಂದರು. ಸಮಿತಿ ಒಪ್ಪುತ್ತೋ ಗೊತ್ತಿಲ್ಲ, ಎಂಟು ಗಂಟೆಯ ಗುಂಪಿನಲ್ಲಿ ಇಬ್ಬರು ಇನ್ನೂ ಬಿಗಿಯಾಗಿದ್ದಾರೆ.

ತಟ್ಟೆ_ಲೋಟ
ಆ ಇಬ್ಬರ ಮನೆಗೂ ಹೋಗಿ ಬನ್ನಿ.

ವಾಕ್ಯವೇ_ಆಧಾರ
ಒಂದೇ ಪಾತ್ರೆಯಿಂದ ಹುಯ್ಯೋದಾದರೆ ನನಗೂ ತಕರಾರು ಕಡಿಮೆ. ಪೂರ್ತಿ ಇಲ್ಲ ಅಂತಲ್ಲ.

ಮೂರನೇ_ಬೆಂಚು
ಹೋಗ್ತೀನಿ. ಇನ್ನೊಂದು, ಮುಂದಿನ ತಿಂಗಳ ಮೊದಲ ಭಾನುವಾರ ಲೋಟ ತೊಳೆಯೋದು ಗಂಡಸರು ಅಂತ ಗುಂಪಿನಲ್ಲಿ ಹಾಕಿದ್ದೀನಿ. ಇದುವರೆಗೆ ನನ್ನ ಹೆಸರು ಒಂದೇ ಇದೆ. ಪಾತ್ರೆಗೂ ಲೋಟಕ್ಕೂ ಸೋಪು ಹಾಕಬಹುದಾ?

ಕಿಟಕಿ_ಪಕ್ಕ
ಸೋಪು ಬೇಡ, ವಾಸನೆ ಉಳಿಯತ್ತೆ, ಮುಂದಿನ ಸಲ ರಸಕ್ಕೆ ಬರತ್ತೆ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಹತ್ತು ನಿಮಿಷ ಮುಳುಗಿಸಿಡಿ. ಟೂತ್‌ಬ್ರಷ್ ಸಣ್ಣ ಮಕ್ಕಳದ್ದು ತಗೊಳ್ಳಿ, ದೊಡ್ಡವರದ್ದು ಒಳಗೆ ಹೋಗಲ್ಲ.